ಎಂಜಿನ್‌ಗೆ ಅಂಟಿಕೊಳ್ಳುವ ಆಯಿಲ್: ಜಾಸ್ತಿ ದುಡ್ಡು ಕೊಡಬೇಕಾ, ಮಾಮೂಲಿಯೇ ಸಾಕಾ?

ನನ್ನ ಹಳೇ ಸ್ಪ್ಲೆಂಡರ್ ಒಮ್ಮೆ ಮೂರು ವಾರ ಮನೆ ಹಿಂದೆ ನಿಂತೇ ಇತ್ತು. ಟ್ಯಾಪೆಟ್ ಸದ್ದು ಜಾಸ್ತಿಯಾಗಿತ್ತು. ಆ ಕೆಲಸ ಎಂಜಿನ್ ತಣ್ಣಗಿರುವಾಗಲೇ ಆಗಬೇಕು, ಹಾಗಾಗಿ ಸ್ಟಾರ್ಟ್ ಮಾಡದೆ ಗ್ಯಾರೇಜ್ ತನಕ ತಳ್ಳಿಕೊಂಡೇ ಹೋದೆ. ಮೆಕ್ಯಾನಿಕ್ ಅಣ್ಣ ಟ್ಯಾಪೆಟ್ ಕವರ್ ಬಿಚ್ಚಿದರು. ಒಳಗೆ ಬೆರಳಾಡಿಸಿದೆ. ವಾಲ್ವ್ ಒತ್ತುವ ರಾಕರ್ ಮೇಲೆ ಎಣ್ಣೆ ಹಾಗೇ ಇತ್ತು, ಬೆರಳು ಜಾರುತ್ತಿತ್ತು. ಮೂರು ವಾರ ಆಗಿದೆ, ಹಾಕಿದ್ದು ಯಾವ ವಿಶೇಷ ಆಯಿಲ್ಲೂ ಅಲ್ಲ, ಮಾಮೂಲಿ 10ಡಬ್ಲ್ಯು-30 (ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅಂತ ಹೇಳುವ ಗ್ರೇಡ್ ಇದು).

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. "ಅಂಟಿಕೊಳ್ಳುವ" ಆಯಿಲ್‌ಗಳ ಜಾಹೀರಾತು ನಿಂತಿರುವುದೇ ಒಂದು ಹೆದರಿಕೆಯ ಮೇಲೆ. ಗಾಡಿ ಆಫ್ ಮಾಡಿದ ಮೇಲೆ ಮಾಮೂಲಿ ಆಯಿಲ್ ಪೂರ್ತಿ ಕೆಳಗಿಳಿದು ಎಂಜಿನ್ ತಳದ ಸಂಪ್ ಸೇರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಲೋಹಕ್ಕೆ ಲೋಹ ಉಜ್ಜುತ್ತದೆ, ನಮ್ಮ ಆಯಿಲ್ ಮಾತ್ರ ಅಂಟಿಕೊಂಡೇ ಇದ್ದು ಕಾಪಾಡುತ್ತದೆ ಅಂತ. ಕಾರುಗಳಿಗೆ ಕ್ಯಾಸ್ಟ್ರಾಲ್ ಮ್ಯಾಗ್ನಟೆಕ್ ಹೆಸರು ಮಾಡಿದ್ದೇ ಈ ಮಾತಿನಿಂದ. ಬೈಕಿಗೆ ಅದೇ ಕಂಪನಿಯ ಆಕ್ಟಿವ್ ಡಬ್ಬಿಯ ಮೇಲೆ "ಆಕ್ಟಿಬಾಂಡ್" ಅಂತ ಬರೆದದ್ದು ನೋಡಿರುತ್ತೀರಿ. ಅದರ ಪಕ್ಕದಲ್ಲೇ ಎಸ್ಟರ್ (ಲೋಹಕ್ಕೆ ಅಂಟುವ ಒಂದು ಬಗೆಯ ಅಣು) ಇರುವ ದುಬಾರಿ ಸಿಂಥೆಟಿಕ್, ಅಂದರೆ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಕಟ್ಟಿದ ಆಯಿಲ್, ಅದರ ಪಕ್ಕ ಆಯಿಲ್‌ಗೆ ಬೆರೆಸುವ ಸಣ್ಣ ಸೀಸೆಗಳು. ಎಲ್ಲರದೂ ಸುಮಾರು ಒಂದೇ ರಾಗ. ಇದರಲ್ಲಿ ನಿಮ್ಮ ಗಾಡಿಗೆ ಯಾವುದು, ಯಾವುದಕ್ಕೆ ಕೊಡುವ ದುಡ್ಡು ಸುಮ್ನೆ, ನೋಡೋಣ.

ಅಂಟುವುದು ಸುಳ್ಳಾ?

ಸುಳ್ಳಲ್ಲ. ಹೊಸದೂ ಅಲ್ಲ. ಎತ್ತಿನ ಗಾಡಿ ಇದ್ದ ಮನೆಯವರಿಗೆ ಕೀಲೆಣ್ಣೆ ಗೊತ್ತಿರುತ್ತದೆ. ಸುಟ್ಟ ಹುಲ್ಲಿನ ಕರಿಗೆ ಹರಳೆಣ್ಣೆ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು, ಚಡ್ಡಿಗೆ ಒಮ್ಮೆ ತಗುಲಿತೆಂದರೆ ಅಮ್ಮನ ಕೈಲಿ ಏಟು ಗ್ಯಾರಂಟಿ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹರಳೆಣ್ಣೆಯ ಗುಣವೇ ಅದು. ಅದರ ಅಣುವಿನಲ್ಲಿ ಲೋಹವನ್ನು ಹಿಡಿದುಕೊಳ್ಳುವ ಒಂದು ತುದಿ ಇದೆ. ಲಂಡನ್ನಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರು ಮಾಡಿದ ಕಂಪನಿ 1909ರಲ್ಲಿ ತನ್ನ ಎಂಜಿನ್ ಆಯಿಲ್‌ಗೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿದ್ದೂ ಇದೇ ಹರಳೆಣ್ಣೆಯಿಂದ, ಇಂಗ್ಲಿಷಿನಲ್ಲಿ ಅದು ಕ್ಯಾಸ್ಟರ್ ಆಯಿಲ್ ತಾನೇ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗಳಿಗೂ ಹರಳೆಣ್ಣೆ ಹಾಕುತ್ತಿದ್ದರು.

ಹಾಗಾದರೆ ಇವತ್ತೂ ಹರಳೆಣ್ಣೆಯೇ ಯಾಕಿಲ್ಲ? ಬಿಸಿಯಲ್ಲಿ ಅದು ಬೇಗ ಕೆಟ್ಟು ಗೋಂದಿನ ಹಾಗಾಗುತ್ತದೆ, ಎಂಜಿನ್ ಒಳಗೆ ಕಂದು ಬಣ್ಣದ ವಾರ್ನಿಶ್ ಕಟ್ಟುತ್ತದೆ. ಚೆನ್ನಾಗಿ ಅಂಟಿದರೆ ಸಾಲದು, ಬೇಡದ ಹೊತ್ತಲ್ಲಿ ಅಂಟಬಾರದು ಕೂಡ.

ಈಗಿನ ಆಯಿಲ್‌ಗಳಲ್ಲಿ ಆ ಕೆಲಸಕ್ಕೆ ಎಸ್ಟರ್ ಅಥವಾ ಅದೇ ಜಾತಿಯ ಅಣುಗಳನ್ನು ಸೇರಿಸುತ್ತಾರೆ. ಒಂದು ತುದಿ ಲೋಹವನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯ ಕಡೆ ಚಾಚಿರುತ್ತದೆ. ವಿಜ್ಞಾನದ ಪ್ರಕಾರ ಇದು ನಿಜ. ಆದರೆ ಈ ಪದರದ ದಪ್ಪ ಎಷ್ಟು? ಕೆಲವೇ ನ್ಯಾನೋಮೀಟರ್. ನಮ್ಮ ತಲೆಕೂದಲು ಒಂದರ ದಪ್ಪ ಹತ್ತಿರ ಹತ್ತಿರ 70,000 ನ್ಯಾನೋಮೀಟರ್. ಟಿವಿಯಲ್ಲಿ ಪಿಸ್ಟನ್ ಸುತ್ತ ಹೊಂಬಣ್ಣದ ಜೇನು ಹರಿದ ಹಾಗೆ ತೋರಿಸುತ್ತಾರಲ್ಲ, ಅದು ಗ್ರಾಫಿಕ್ಸ್ ಮಾಡುವವರ ಕೈಚಳಕ. ನನ್ನ ಬೆರಳಿಗೆ ತಗುಲಿದ ಎಣ್ಣೆ ಈ ಅಣುಪದರ ಅಲ್ಲವೇ ಅಲ್ಲ. ಅದು ಸುಮ್ಮನೆ ಇಳಿಯದೆ ಉಳಿದ ಎಣ್ಣೆ. ಯಾವ ಎಣ್ಣೆಯೂ ಲೋಹದಿಂದ ಪೂರ್ತಿ ಸೋರಿಹೋಗುವುದಿಲ್ಲ, ಬೇರಿಂಗ್‌ನಂಥ ಸಣ್ಣ ಸಂದಿಗಳಲ್ಲಂತೂ ಹಿಡಿದುಕೊಂಡೇ ಕೂತಿರುತ್ತದೆ. ಹೋದ ತಿಂಗಳು ಎಣ್ಣೆ ಒರೆಸಿಟ್ಟ ಸ್ಪ್ಯಾನರ್ ಮುಟ್ಟಿ ನೋಡಿ.

ದೋಸೆ ಹೆಂಚಿನ ಲೆಕ್ಕ

ಎಂಜಿನ್ ಓಡುವಾಗ ಬೇರಿಂಗ್‌ಗಳನ್ನು ಕಾಯುವುದು ಅಂಟು ಅಲ್ಲ, ಎಣ್ಣೆಯ ದಪ್ಪ ಮತ್ತು ವೇಗ. ಮಳೆಯಲ್ಲಿ ಜೋರಾಗಿ ಹೋದರೆ ಟೈರ್ ನೀರಿನ ಮೇಲೆ ತೇಲಿ ರಸ್ತೆ ಬಿಡುತ್ತದಲ್ಲ, ಹಾಗೆ ಪಿಸ್ಟನ್‌ನಿಂದ ತಿರುಗುವ ಕ್ರ್ಯಾಂಕ್ ಎಣ್ಣೆಯ ಮೇಲೆ ತೇಲುತ್ತದೆ. ತೇಲುವಷ್ಟು ಹೊತ್ತು ಸವೆತವೇ ಇಲ್ಲ ಅನ್ನುವಷ್ಟು ಕಡಿಮೆ. ತೊಂದರೆ ಇರುವುದು ತೇಲಲು ಆಗದ ಜಾಗಗಳಲ್ಲಿ: ವಾಲ್ವ್ ತೆರೆಯಲು ಕ್ಯಾಮ್ ಮೂತಿ ಟ್ಯಾಪೆಟ್ ಒತ್ತುವ ಕಡೆ, ಪಿಸ್ಟನ್ ತುದಿಗೆ ಹೋಗಿ ಅರೆಕ್ಷಣ ನಿಂತು ತಿರುಗುವಾಗ ರಿಂಗ್ ಇರುವ ಕಡೆ.

ಅಲ್ಲಿ ಕಾಯುವ ಮುಖ್ಯ ಕಾವಲುಗಾರನ ಹೆಸರು ಜಾಹೀರಾತಿನಲ್ಲಿ ಬರುವುದೇ ಇಲ್ಲ. ಅದು ಜಡ್‌ಡಿಡಿಪಿ, ಜಿಂಕ್ ಮತ್ತು ಫಾಸ್ಫರಸ್ ಇರುವ ಒಂದು ರಾಸಾಯನಿಕ. 1940ರ ದಶಕದಿಂದ ಆಯಿಲ್‌ಗಳಲ್ಲಿ ಇದೆ, ಅಗ್ಗದ ಡಬ್ಬಿಯಲ್ಲೂ ಇದೆ. ಬಿಸಿ ಮತ್ತು ಉಜ್ಜಾಟ ಎರಡೂ ಸೇರಿದಾಗ ಇದು ಲೋಹದ ಮೇಲೆ ಗಟ್ಟಿ ಪದರವನ್ನೇ ಬೆಳೆಸುತ್ತದೆ, ನೂರು ನ್ಯಾನೋಮೀಟರ್ ಆಸುಪಾಸು.

ದೋಸೆ ಹೆಂಚು ನೆನಪಿಸಿಕೊಳ್ಳಿ. ಹೆಂಚು ಪಳಗಿ ಪಳಗಿ ಕಪ್ಪಗೆ ನುಣ್ಣಗೆ ಒಂದು ಪದರ ಆಗಿರುತ್ತದೆ, ಅದೇ ಜಡ್‌ಡಿಡಿಪಿ ಕಟ್ಟುವ ಪದರ. ಪ್ರತಿ ದೋಸೆಗೂ ಮುಂಚೆ ಅರ್ಧ ಈರುಳ್ಳಿಯಿಂದ ಸವರುವ ಎಣ್ಣೆ, ಅದು ಅಂಟುವ ಅಣು. ಎರಡೂ ಬೇಕು. ಆದರೆ ಪಳಗದ ಹೆಂಚಿಗೆ ಎಷ್ಟು ಎಣ್ಣೆ ಸವರಿದರೂ ಮೊದಲ ದೋಸೆ ಎದ್ದು ಬರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಲೋಹದ ಮೇಲೆ ಜಾಗ ಇರುವುದು ಇಷ್ಟೇ. ಎಸ್ಟರ್ ಅತಿಯಾಗಿ ಹೋಗಿ ಆ ಜಾಗ ಹಿಡಿದರೆ ಜಡ್‌ಡಿಡಿಪಿಗೆ ಕೂರಲು ಜಾಗ ಸಿಗುವುದಿಲ್ಲ. ಆಯಿಲ್ ತಯಾರಿಸುವವರ ಜಾಣತನ ಇರುವುದೇ ಈ ಹದದಲ್ಲಿ. ಹಾಗಾಗಿ ಜಾಸ್ತಿ ಅಂಟು ಅಂದರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ.

75% ಸವೆತದ ಮಾತು

ಎಂಜಿನ್ ಸವೆತದಲ್ಲಿ 75% ತನಕ ವಾರ್ಮಪ್ ಹೊತ್ತಲ್ಲೇ ಆಗುತ್ತದೆ, ಇದು ಮ್ಯಾಗ್ನಟೆಕ್ ಜೊತೆ ತುಂಬಾ ಓಡಾಡಿದ ಮಾತು. ಇದನ್ನು ನಿಧಾನ ಓದಿ. "ತನಕ" ಅಂತ ಇದೆ. ಇನ್ನೂ ಮುಖ್ಯ, "ವಾರ್ಮಪ್" ಅಂತ ಇದೆ, "ಸ್ಟಾರ್ಟ್ ಮಾಡಿದ ಮೊದಲ ಸೆಕೆಂಡ್" ಅಂತ ಇಲ್ಲ. ಆಯಿಲ್ ಪಂಪ್ ಒತ್ತಡ ಕಟ್ಟಲು ಒಂದೆರಡು ಸೆಕೆಂಡ್ ಸಾಕು, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆರುವುದು ನೋಡಿದರೇ ಗೊತ್ತಾಗುತ್ತದೆ. ವಾರ್ಮಪ್ ಅಂದರೆ ಹಲವು ನಿಮಿಷದ ಮಾತು. ಕಾರಿನ ಟೆಂಪರೇಚರ್ ಮುಳ್ಳು ನಡುವಿಗೆ ಬಂದರೂ ಅದು ಕೂಲೆಂಟ್ ಬಿಸಿ, ಆಯಿಲ್ ಬಿಸಿಯಾಗಲು ಇನ್ನೂ ಸ್ವಲ್ಪ ದೂರ ಓಡಬೇಕು.

ಈ ಹೊತ್ತಲ್ಲಿ ಸವೆತ ಜಾಸ್ತಿ ಯಾಕೆ? ಎಣ್ಣೆ ಇಲ್ಲ ಅಂತಲ್ಲ. ತಣ್ಣಗಿರುವಾಗ ಜಡ್‌ಡಿಡಿಪಿ ಚುರುಕಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ ಉರಿದ ಪೆಟ್ರೋಲಿನ ನೀರಾವಿ ತಣ್ಣನೆ ಗೋಡೆಗೆ ತಗುಲಿ ನೀರಾಗುತ್ತದೆ, ಆಮ್ಲ ಆಗುತ್ತದೆ, ಪೂರ್ತಿ ಉರಿಯದ ಪೆಟ್ರೋಲ್ ಆಯಿಲ್‌ಗೆ ಇಳಿದು ತೆಳು ಮಾಡುತ್ತದೆ.

ಕ್ಯಾಸ್ಟ್ರಾಲ್ ತನ್ನ ಮಾತಿಗೆ ತೋರಿಸಿದ ಪರೀಕ್ಷೆಯೂ ಇದನ್ನೇ ಹೇಳುತ್ತದೆ. ಅದು ಸೀಕ್ವೆನ್ಸ್ 4ಎ ಅನ್ನುವ, ಇಡೀ ಆಯಿಲ್ ಉದ್ಯಮ ಬಳಸುತ್ತಿದ್ದ ಪರೀಕ್ಷೆ. ನಿಸಾನ್‌ನ 2.4 ಲೀಟರ್ ಎಂಜಿನ್ ಒಂದನ್ನು ನೂರು ಗಂಟೆ ಓಡಿಸುತ್ತಿದ್ದರು, ಹೆಚ್ಚು ಹೊತ್ತು ಐಡಲ್‌ನಲ್ಲಿ, ಆಯಿಲ್ 50-60 ಡಿಗ್ರಿ ದಾಟದ ಹಾಗೆ. ಆಮೇಲೆ ಕ್ಯಾಮ್ ಎಷ್ಟು ಸವೆದಿದೆ ಅಂತ ಅಳೆಯುತ್ತಿದ್ದರು. ಒಣಗಿದ ಎಂಜಿನ್ ಸ್ಟಾರ್ಟ್ ಮಾಡುವ ಪರೀಕ್ಷೆ ಅಲ್ಲ ಇದು. ಅರೆಬಿಸಿಯಲ್ಲಿ ಟ್ರಾಫಿಕ್‌ನಲ್ಲಿ ನರಳುವ ಎಂಜಿನ್‌ನ ಪರೀಕ್ಷೆ. ಸಿಲ್ಕ್ ಬೋರ್ಡ್ ಜಂಕ್ಷನ್ ಅಂತಲೇ ಇಟ್ಟುಕೊಳ್ಳಿ. ಇದರಲ್ಲಿ ಮ್ಯಾಗ್ನಟೆಕ್ ಚೆನ್ನಾಗಿಯೇ ಮಾಡಿದೆ. ಆದರೆ ಹೋಲಿಕೆ ಮಾಡಿದ್ದು ಎಪಿಐ (ಆಯಿಲ್‌ಗಳಿಗೆ ದರ್ಜೆ ಕೊಡುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಮಾನದಂಡ ಬಿಟ್ಟುಕೊಡುವ ಗರಿಷ್ಠ ಸವೆತದ ಜೊತೆ, ಪಕ್ಕದ ಕಪಾಟಿನ ಇನ್ನೊಂದು ಆಯಿಲ್ ಜೊತೆ ಅಲ್ಲ. ಪಾಸ್ ಮಾರ್ಕ್ 35 ಇರುವಾಗ ನಾನು ಅದರ ಎರಡರಷ್ಟು ತಗೊಂಡೆ ಅನ್ನಬಹುದು. ಪಕ್ಕದ ಬೆಂಚಿನವನು 80 ತಗೊಂಡಿರಬಹುದಲ್ಲ?

ಈಗ ಡಬ್ಬಿಗಳಿಗೆ ಬರೋಣ

ಮೊದಲನೆಯದು, ಸರಿಯಾದ ಗ್ರೇಡಿನ ಮಾಮೂಲಿ ಆಯಿಲ್. ಸರ್ವೋ, ಮ್ಯಾಕ್, ಎಚ್‌ಪಿ, ಗಲ್ಫ್, ವೀಡಾಲ್, ಇಲ್ಲವೇ ಗಾಡಿ ಕಂಪನಿಯದೇ ಡಬ್ಬಿ. ಪೆಟ್ರೋಲ್ ಕಾರಿಗೆ ಹಿಂಬದಿಯಲ್ಲಿ ಎಪಿಐ ಎಸ್‌ಪಿ ಅಂತ ಇದ್ದರೆ (2020ರಲ್ಲಿ ಬಂದ ದರ್ಜೆ ಇದು, ಅದಕ್ಕೆ ಮುಂಚೆ 2010ರ ಎಸ್‌ಎನ್) ಆ ಆಯಿಲ್ ಮೇಲೆ ಹೇಳಿದ ಪರೀಕ್ಷೆಯ ಹೊಸ ರೂಪವನ್ನು ಪಾಸಾಗಲೇಬೇಕು, ಅದನ್ನು ಈಗ ಟೊಯೋಟಾ ಎಂಜಿನ್‌ನಲ್ಲಿ ಮಾಡುತ್ತಾರೆ. ಅಂದರೆ ತಣ್ಣನೆ ಸವೆತದ ವಿರುದ್ಧ ರಕ್ಷಣೆ ಇದರಲ್ಲೂ ಇದೆ, ಡಬ್ಬಿ ಮೇಲೆ ಅಂಟುವ ಮಾತು ಇಲ್ಲ ಅಷ್ಟೇ. ಹತ್ತರಲ್ಲಿ ಎಂಟು ಜನಕ್ಕೆ ನಾನು ಇದನ್ನೇ ಹೇಳುತ್ತೇನೆ.

ಎರಡನೆಯದು ಮ್ಯಾಗ್ನಟೆಕ್ ಥರದ್ದು. ಒಳ್ಳೆಯ ಆಯಿಲ್, ಅದರಲ್ಲಿ ಅನುಮಾನ ಬೇಡ. ಆದರೆ ಒಂದೇ ಹೆಸರಲ್ಲಿ ಹಲವು ಗ್ರೇಡ್ ಬರುತ್ತವೆ. ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ, ಹೆಸರು ನೋಡಿ ತಂದುಬಿಡಬೇಡಿ. ನಿಮ್ಮ ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯು-20 ಅಂತ ಇದ್ದು ನೀವು ಅಂಟುವ 5ಡಬ್ಲ್ಯು-30 ತಂದರೆ, ಅಂಟಿನ ಲಾಭಕ್ಕಿಂತ ಮೈಲೇಜ್ ನಷ್ಟವೇ ನಿಮಗೆ ಮೊದಲು ಕಾಣುವುದು. ಅದೇ ಗ್ರೇಡ್, ಅದೇ ಎಪಿಐ ದರ್ಜೆ, ಬೆಲೆಯಲ್ಲಿ ಒಂದು ಮಸಾಲೆ ದೋಸೆ ಕಾಫಿಯಷ್ಟು ವ್ಯತ್ಯಾಸ ಅಂದರೆ ತಗೊಳ್ಳಿ, ಕಳೆದುಕೊಳ್ಳುವುದು ಏನಿಲ್ಲ. ವ್ಯತ್ಯಾಸ ದೊಡ್ಡದಿದ್ದರೆ ಆ ದುಡ್ಡನ್ನು ಆಯಿಲ್ ಬೇಗ ಬದಲಿಸಲು ಬಳಸಿ. ಎಂಜಿನ್‌ಗೆ ಅದರಿಂದ ಆಗುವ ಉಪಕಾರ ಜಾಸ್ತಿ.

ಮೂರನೆಯದು ಎಸ್ಟರ್ ಸಿಂಥೆಟಿಕ್. ಬೈಕಿನವರು ದೇವರ ಪ್ರಸಾದದ ಹಾಗೆ ಕಾಣುವ ಮೋಟುಲ್ 7100, ರೇಸಿಂಗ್‌ನವರ 300ವಿ ಈ ಜಾತಿ. ಅಂಟುವ ಅಣು ಬೇಕೇಬೇಕು ಅಂತಿದ್ದರೆ ನಿಜವಾಗಿ ಹುಡುಕಬೇಕಾದ್ದು ಇಲ್ಲಿ. ಆದರೆ ಇವುಗಳನ್ನು ಕೊಳ್ಳಲು ಅಂಟಿಗಿಂತ ಒಳ್ಳೆಯ ಕಾರಣ ಬೇರೆ ಇದೆ. ಜೋರು ಬಿಸಿಯಲ್ಲೂ ಕೆಡುವುದು ನಿಧಾನ. ಕೆಟಿಎಂನಲ್ಲಿ ಘಾಟಿ ಹತ್ತಿಸುವವರಿಗೆ, ಏಪ್ರಿಲ್‌ನಲ್ಲಿ ಕಲಬುರಗಿ ಕಡೆ 42 ಡಿಗ್ರಿಯಲ್ಲಿ ಹೈವೇ ಓಡಿಸುವವರಿಗೆ ಇದು ಅರ್ಥವಾಗುತ್ತದೆ. ದಿನಾ ಹಾಲು ತರಲು ಹೋಗುವ 100 ಸಿಸಿ ಗಾಡಿಗೆ ಹಾಕಿದರೆ ಗಾಡಿಗೇ ನಾಚಿಕೆ.

ಅಂದಹಾಗೆ "ಫುಲ್ ಸಿಂಥೆಟಿಕ್" ಅನ್ನುವ ಪದವನ್ನೂ ಪೂರ್ತಿ ನಂಬಬೇಡಿ. ಚೆನ್ನಾಗಿ ಶುದ್ಧಿ ಮಾಡಿದ ಕಚ್ಚಾ ಎಣ್ಣೆಯನ್ನು ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ವಿರುದ್ಧ ದೂರು ಕೊಟ್ಟಿತ್ತು. ಅಲ್ಲಿನ ಜಾಹೀರಾತು ಮಂಡಳಿ 1999ರಲ್ಲಿ ಅನ್ನಬಹುದು ಅಂದಿತು. ಅಲ್ಲಿಂದ ಆ ಪದ ಎಸ್ಟರ್‌ಗೂ ಇದೆ, ಇದಕ್ಕೂ ಇದೆ.

ನಾಲ್ಕನೆಯದು ಬೆರೆಸುವ ಸೀಸೆ. ಬೇಡ. ಸರ್ವಿಸ್ ಸೆಂಟರ್ ಒಂದರಲ್ಲಿ ನನ್ನನ್ನು ಕೇಳದೆಯೇ "ಎಂಜಿನ್ ಕೋಟಿಂಗ್" ಅಂತ ಬಿಲ್ಲಿಗೆ ಸೇರಿಸಿದ್ದರು, ಜಗಳ ಆಡಿ ತೆಗೆಸಿದೆ. ಇದರ ಇತಿಹಾಸ ಸ್ವಲ್ಪ ನೋಡಿ. ಅಮೆರಿಕದಲ್ಲಿ ಸ್ಲಿಕ್ 50 ಅನ್ನುವ ಸೀಸೆ ಜೋರಾಗಿ ಮಾರಾಟವಾಗುತ್ತಿತ್ತು, ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ ರಕ್ಷಣೆಯೇ ಇರುವುದಿಲ್ಲ ಅನ್ನುವುದೇ ಅವರ ಜಾಹೀರಾತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಪ್ರಶ್ನಿಸಿತು. ಮ್ಯಾನ್ಯುಯಲ್ ಹೇಳಿದ ಆಯಿಲ್ ಹಾಕಿದರೆ ಹೆಚ್ಚಿನ ಎಂಜಿನ್‌ಗಳಿಗೆ ಸ್ಟಾರ್ಟ್ ಹೊತ್ತಲ್ಲೂ ಸಾಕಷ್ಟು ರಕ್ಷಣೆ ಇದ್ದೇ ಇರುತ್ತದೆ ಅಂತ ಅದರ ವಾದ. 1997ರಲ್ಲಿ ಕಂಪನಿ ರಾಜಿಗೆ ಬಂತು. ಈ ಲೇಖನದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಕೆಲವು ಅಂಗಡಿಗಳಲ್ಲಿ ಕೈಯಿಂದ ತಿರುಗಿಸುವ ಪ್ಲಾಸ್ಟಿಕ್ ಗೇರಿನ ಆಟಿಕೆ ಇಟ್ಟಿರುತ್ತಾರೆ. ಒಂದು ಕಡೆ ಬರೀ ಆಯಿಲ್, ಇನ್ನೊಂದು ಕಡೆ ಸೀಸೆ ಬೆರೆಸಿದ್ದು. ಬೆರೆಸಿದ್ದು ನೂಲಿನ ಹಾಗೆ ಎಳೆ ಎಳೆಯಾಗಿ ಮೇಲಿನ ಗೇರ್ ತನಕ ಹತ್ತುತ್ತದೆ. ನೋಡಲು ಮಜಾ. ಆದರೆ ಅದು ಅಣು ಲೋಹ ಹಿಡಿಯುವುದಲ್ಲ, ಬೆಲ್ಲದ ಪಾಕ ಎಳೆ ಬಂದ ಹಾಗೆ ದಪ್ಪ ಪಾಲಿಮರ್‌ನ ಗುಣ. ಎಂಜಿನ್‌ನಲ್ಲಿ ಆಯಿಲ್ ಹತ್ತಿಸಲು ಪಂಪ್ ಇದೆ, ಗೇರ್ ಹತ್ತಿಕೊಂಡು ಬರಬೇಕಾಗಿಲ್ಲ. ಆ ಜಿಗುಟು ನಿಜಕ್ಕೂ ಬೇಕಾದದ್ದು ಬೈಕಿನ ಚೈನ್‌ಗೆ. ಅಲ್ಲಿ ಪಂಪ್ ಇಲ್ಲ, ತಿರುಗುವ ರಭಸಕ್ಕೆ ಎಣ್ಣೆ ಸಿಡಿದು ಹೋಗುತ್ತದೆ. ಹಾಗಾಗಿ ಚೈನ್ ಲ್ಯೂಬ್‌ನಲ್ಲಿ ಅಂಟು ಹುಡುಕಿ, ಎಂಜಿನ್ ಆಯಿಲ್‌ನಲ್ಲಿ ಅಲ್ಲ.

ಬೈಕಿನವರು ಇದೊಂದು ತಪ್ಪು ಮಾಡಬೇಡಿ

ಕಾರಿಗೆ ಉಳಿದ ಮ್ಯಾಗ್ನಟೆಕ್ ಇತ್ತು, ಬೈಕಿಗೆ ಹಾಕಿದೆ ಅನ್ನುವವರು ಸಿಗುತ್ತಾರೆ. ಬೇಡ. ಗೇರ್ ಇರುವ ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್‌ನಲ್ಲಿ ಉಜ್ಜಾಟ ಕಡಿಮೆ ಮಾಡುವ ಅಣುಗಳಿರುತ್ತವೆ, ಅವು ಅಂಟುವುದು ಕ್ಯಾಮ್‌ಗೆ ಮಾತ್ರ ಅಂತ ಯಾರು ಹೇಳಿದರು? ಕ್ಲಚ್‌ಗೂ ಅಂಟುತ್ತವೆ. ಕ್ಲಚ್ ಜಾರಲು ಶುರುವಾದರೆ ಆರ್‌ಪಿಎಂ ಏರುತ್ತದೆ, ಗಾಡಿ ಎಳೆಯುವುದಿಲ್ಲ. ಬೈಕ್ ಡಬ್ಬಿಯಲ್ಲಿ ಮೊದಲು ಹುಡುಕಬೇಕಾದ್ದು ಜಾಸೋ (ಬೈಕ್ ಆಯಿಲ್‌ಗಳ ಜಪಾನಿ ಮಾನದಂಡ) ಎಂಎ ಅಥವಾ ಎಂಎ2. ಆಕ್ಟಿವಾದಂಥ ಸ್ಕೂಟರ್‌ಗಳ ಕ್ಲಚ್ ಒಣ ಜಾಗದಲ್ಲಿದೆ, ಅವಕ್ಕೆ ಎಂಬಿ ಅಂತ ಬೇರೆ ದರ್ಜೆ. ಇದು ಸರಿ ಇದ್ದು, ಗ್ರೇಡ್ ಸರಿ ಇದ್ದು (ಸ್ಪ್ಲೆಂಡರ್‌ಗೆ 10ಡಬ್ಲ್ಯು-30, ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 15ಡಬ್ಲ್ಯು-50) ಆಮೇಲೆ ಡಬ್ಬಿಯಲ್ಲಿ ಆಕ್ಟಿಬಾಂಡ್ ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ.

ಹಾಗಾದರೆ ಯಾರು ಅಂಟುವುದನ್ನು ಕೊಳ್ಳಬಹುದು?

ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್, ಶಾಲೆಯಿಂದ ಮಾರ್ಕೆಟ್‌ಗೆ ಎರಡು, ಹೀಗೆ ಆಯಿಲ್ ಎಂದೂ ಪೂರ್ತಿ ಬಿಸಿಯಾಗದ ಕಾರು ನಿಮ್ಮದಾದರೆ ಯೋಚಿಸಿ. ಹೈಬ್ರಿಡ್ ಇದ್ದರೂ ಯೋಚಿಸಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಇನೋವಾ ಹೈಕ್ರಾಸ್‌ನಂಥ ಗಾಡಿಯಲ್ಲಿ ಒಂದೇ ಪ್ರಯಾಣದಲ್ಲಿ ಎಂಜಿನ್ ಹತ್ತಾರು ಸಲ ನಿಂತು ಶುರುವಾಗುತ್ತದೆ, ಬ್ಯಾಟರಿಯಲ್ಲಿ ಓಡುವಾಗ ತಣ್ಣಗೂ ಆಗುತ್ತದೆ. ಸೀಕ್ವೆನ್ಸ್ 4ಎ ಪರೀಕ್ಷೆಯ ವಾತಾವರಣ ಇದಕ್ಕೆ ಹತ್ತಿರ. ಆದರೂ ಮ್ಯಾನ್ಯುಯಲ್ ಹೇಳಿದ ತೆಳು ಗ್ರೇಡ್ ಬಿಟ್ಟು ಹೋಗಬೇಡಿ. ಇಂಥ ಗಾಡಿಗಳ ಆಯಿಲ್ ಕ್ಯಾಪ್ ಒಳಗೆ ಮಜ್ಜಿಗೆ ಬಣ್ಣದ ಕೆನೆ ಕಂಡರೆ ಅದು ಹೆಚ್ಚಾಗಿ ನೀರಾವಿ. ಅದಕ್ಕೆ ಅಂಟು ಮದ್ದಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇ ಓಡಿಸಿ, ಕೂಲೆಂಟ್ ಕಡಿಮೆ ಆಗುತ್ತಿದ್ದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.

ದಿನಾ 200 ಕಿಲೋಮೀಟರ್ ಓಡುವ ಟ್ಯಾಕ್ಸಿಗೆ ಅಂಟಿನ ಅಗತ್ಯವೇ ಇಲ್ಲ, ಎಂಜಿನ್ ತಣ್ಣಗಾಗುವುದೇ ಅಪರೂಪ. ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ? ಅಲ್ಲಿ ಫಿಲ್ಟರ್ ಮುಖ್ಯ. ಒಳ್ಳೆಯ ಫಿಲ್ಟರ್‌ನಲ್ಲಿ ಆಯಿಲ್ ವಾಪಸ್ ಇಳಿಯದಂತೆ ಒಂದು ರಬ್ಬರ್ ವಾಲ್ವ್ ಇರುತ್ತದೆ, ಅಗ್ಗದ ಫಿಲ್ಟರ್‌ನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಕಟಕಟ ಅಂದು ನಿಂತರೆ ಮೊದಲು ಅದನ್ನು ಅನುಮಾನಿಸಿ. ಇನ್ನು ಹೊಗೆ ಬಿಡುತ್ತಿರುವ, ಬೋರ್‌ಗೆ ಬಂದಿರುವ ಎಂಜಿನ್‌ಗೆ ಯಾವ ಅಣುವೂ ಸವೆದ ರಿಂಗ್ ವಾಪಸ್ ತಂದುಕೊಡುವುದಿಲ್ಲ.

ಚಳಿಯ ಮಾತು ಉಳಿಯಿತು. 15ಡಬ್ಲ್ಯು ಆಯಿಲ್ ಸ್ಟಾರ್ಟ್ ಪರೀಕ್ಷೆ ನಡೆಯುವುದೇ ಮೈನಸ್ 20 ಡಿಗ್ರಿಯಲ್ಲಿ, 5ಡಬ್ಲ್ಯುದು ಮೈನಸ್ 30ರಲ್ಲಿ. ಬೆಂಗಳೂರಿನ ಜನವರಿ ಬೆಳಗಿನ ಜಾವ 15 ಡಿಗ್ರಿ ಆಸುಪಾಸು. ಇಲ್ಲಿ ಆಯಿಲ್ ಹರಿಯದೆ ಎಂಜಿನ್ ಸವೆಯಿತು ಅನ್ನುವ ಭಯ ಬೇಡ. ಟೊರೊಂಟೊದಲ್ಲಿರುವ ನಿಮ್ಮ ತಮ್ಮನಿಗೆ ಆ ಭಯ ಇರಬೇಕು, ಅವನಿಗೂ ಬೇಕಾದ್ದು ಮೊದಲು 0ಡಬ್ಲ್ಯು, ಆಮೇಲೆ ಅಂಟು.

ಇಷ್ಟೆಲ್ಲಾ ಲೆಕ್ಕ ಹಾಕಿ ಕೊಂಡ ಡಬ್ಬಿಯೇ ನಕಲಿ ಆಗಿದ್ದರೆ? ಹೆಸರು ಮಾಡಿದ ಆಯಿಲ್‌ನ ಖಾಲಿ ಡಬ್ಬಿಗೆ ಗುಜರಿಯಲ್ಲಿ ಬೆಲೆ ಇರುವುದು ಪ್ಲಾಸ್ಟಿಕ್‌ಗಲ್ಲ, ಒಳಗೆ ಹಳೇ ಆಯಿಲ್ ಸೋಸಿ ತುಂಬಲು. ಜೆ.ಸಿ. ರೋಡ್‌ನಲ್ಲೋ ನಿಮ್ಮೂರಲ್ಲೋ, ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳಿ, ಮುಚ್ಚಳದ ಸೀಲ್ ನೋಡಿ, ಡಬ್ಬಿ ಮೇಲೆ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಆಯಿಲ್ ಹಾಕುವ ಹೊತ್ತಿಗೆ ಎದುರಿಗೇ ನಿಂತಿರಿ. ಮುಗಿದ ಮೇಲೆ ಖಾಲಿ ಡಬ್ಬಿ ಕೇಳಿ ಇಸ್ಕೊಂಡು ಸ್ಕ್ರೂಡ್ರೈವರ್‌ನಲ್ಲಿ ಎರಡು ತೂತು ಹೊಡೆಯಿರಿ, ಮೆಕ್ಯಾನಿಕ್ ಸ್ವಲ್ಪ ಮುಖ ಸಿಂಡರಿಸಿದರೂ ಪರವಾಗಿಲ್ಲ.